ಉಳವಿಯ ದಾರಿಯಲ್ಲಿ ನಮ್ಮೂರ ಕುದುರೆ

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಹಳಿಯಾಳದಿಂದ ದಾಂಡೇಲಿಯ ಕಡೆಗೆ ಹೋಗುವ ಮಾರ್ಗವು ಎತ್ತುಗಳ ಕೊರಳಗೆಜ್ಜೆಯ ನಾದದಿಂದ ತುಂಬಿಹೋಗುತ್ತದೆ. ಧಾರವಾಡ, ಬೆಳಗಾವಿ, ಗದಗ, ಹಾವೇರಿ ಸೀಮೆಗಳ ಸದ್ಭಕ್ತರು ಚಕ್ಕಡಿ ಕಟ್ಟಿಕೊಂಡು, ರೊಟ್ಟಿಯ ಗಂಟು, ಮೇವಿನ ಹೊರೆ, ಮಕ್ಕಳು ಮರಿಗಳೊಡನೆ ಜೋಯಿಡಾ ತಾಲೂಕಿನ ದಟ್ಟ ಕಾಡನ್ನು ಹೊಕ್ಕು, ಅವಿರಳಜ್ಞಾನಿ ಚನ್ನಬಸವಣ್ಣನವರ ಐಕ್ಯಸ್ಥಳವಾದ ಉಳವಿಗೆ ಸಾಗುವ ಆ ನೋಟವನ್ನು ಒಮ್ಮೆ ಕಂಡವರು ಮರೆಯಲಾರರು. ಎಂಟುನೂರು ವರ್ಷಗಳ ಹಿಂದೆ ಕಲ್ಯಾಣದಿಂದ ಹೊರಟ ಶರಣರ ತಂಡ ವಚನದ ಕಟ್ಟುಗಳನ್ನು ಹೊತ್ತು ಬಂದ ದಾರಿಯಲ್ಲಿ ತಾವೂ ನಡೆಯುತ್ತಿದ್ದೇವೆ ಎಂಬ ಭಾವ ಆ ಯಾತ್ರಿಕರದು.

2018ರಿಂದ ಈಚೆಗೆ, ಮಹಾಮಾರಿಯ ದಿನಗಳನ್ನು ಬಿಟ್ಟರೆ, ಆ ಚಕ್ಕಡಿಗಳ ಸಾಲಿನಲ್ಲಿ ಒಂದು ಗಿಡ್ಡ ಕಂದು ಕುದುರೆಯೂ ನಡೆಯುತ್ತಿದೆ. ಅದು ನಮ್ಮೂರಿನದು. ಬೆನ್ನ ಮೇಲೆ ಎರಡು ಬದಿಗೆ ಗೋಣಿಚೀಲ, ಅವುಗಳ ನಡುವೆ ಒಮ್ಮೊಮ್ಮೆ ನಡೆದು ದಣಿದ ಒಂದು ಮಗು. ವಸ್ತಿ ಮಾಡಿದಲ್ಲೆಲ್ಲ ಜನ ಸುತ್ತುಗಟ್ಟಿ ಕೇಳುವ ಪ್ರಶ್ನೆಗಳು ಎರಡೇ: "ಯಾವ ಜಾತೀದ್ರೀ? ಎಷ್ಟಕ್ಕ ತಂದ್ರಿ?" ಮುಂಡಗೋಡದ ಕಡೆಯ ಒಕ್ಕಲು ಮನೆತನದವರು, ದಾಂಡೇಲಿಯಲ್ಲಿ ಪ್ರವಾಸಿಗರಿಗಾಗಿ ಕುದುರೆ ಸಾಕಬೇಕೆಂಬ ಹಂಬಲದ ತರುಣರು, ಮಗನ ಹಟಕ್ಕೆ ಸೋತ ತಂದೆಯರು, ಎಲ್ಲರೂ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ದಾರಿಯಲ್ಲಿ ನಿಂತು ಉತ್ತರ ಹೇಳಿ ಮುಗಿಯುವುದಿಲ್ಲ. ಏಕೆಂದರೆ ಈ ಕುದುರೆಯ ಕಥೆ ಹೇಳಬೇಕಾದರೆ ಇದಕ್ಕಿಂತ ಮೊದಲು ತಂದ ಇನ್ನೊಂದು ಕುದುರೆಯ ಕಥೆಯನ್ನು ಹೇಳಬೇಕು, ಅದು ಹೇಳಿಕೊಳ್ಳಲು ಸಂತೋಷವಾಗುವಂಥದಲ್ಲ. ನಾವು ಊರಿನ ಬಸವ ಜಯಂತಿ ಸಮಿತಿಯ ಲೆಕ್ಕಪತ್ರ ನೋಡಿಕೊಳ್ಳುವವರು. ಆ ಕುದುರೆಯನ್ನು ಕೊಳ್ಳುವಾಗ ರುಮಾಲಿನ ಕೆಳಗೆ ಕೈಯಿಟ್ಟವರು ನಾವೇ.

ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದುದು ಓದುಗ ಬಂಧುಗಳಿಗೆ ತಿಳಿದ ವಿಷಯ. ಇಂದು ಊರೂರಿನಲ್ಲಿ ಮೆರವಣಿಗೆಯಿದೆ, ಮೆರವಣಿಗೆಯಲ್ಲಿ ಬಸವಣ್ಣನವರ ವೇಷ ಧರಿಸಿದ ಬಾಲಕನಿದ್ದಾನೆ. ಆ ಬಾಲಕ ಕುಳ್ಳಿರುವುದು ಕುದುರೆಯ ಮೇಲೆ. ವೃತ್ತಗಳಲ್ಲಿ ನಿಲ್ಲಿಸಿದ ಅಶ್ವಾರೂಢ ಪ್ರತಿಮೆಗಳು, ಮನೆಯ ಗೋಡೆಯ ಕ್ಯಾಲೆಂಡರುಗಳು ನಮ್ಮ ಕಣ್ಣಿಗೆ ಅದನ್ನೇ ರೂಢಿ ಮಾಡಿವೆ, ಕ್ಯಾಲೆಂಡರಿನ ಕುದುರೆ ಬೆಳ್ಳಗಿರುತ್ತದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಕುದುರೆ ಬಿಳಿಯದೇ ಆಗಿತ್ತೆಂದು ನಮಗೆ ಹೇಳಿದವರು ಚಿತ್ರಕಾರರು ಮಾತ್ರ! ಆದರೂ ನಮ್ಮ ಊರಿನವರಿಗೆ ಬಿಳಿಯ ಕುದುರೆಯೇ ಬೇಕಾಗಿತ್ತು.

ಬಹಳ ವರ್ಷ ನಗರದ ಮದುವೆ ಬಾಜಾಬಜಂತ್ರಿಯವರಿಂದ ಬಾಡಿಗೆಗೆ ಕುದುರೆ ತರಿಸುತ್ತಿದ್ದೆವು. ತೊಡಕು ಏನೆಂದರೆ ಬಸವ ಜಯಂತಿಯೂ ಅಕ್ಷಯ ತೃತೀಯೆಯೂ ಒಂದೇ ದಿನ. ಅಂದು ಮದುವೆಗಳ ಸುಗ್ಗಿ. 2015ರಲ್ಲಿ ಮುಂಗಡ ಕೊಟ್ಟಿದ್ದರೂ ಕುದುರೆ ಬರಲಿಲ್ಲ, ಯಾವುದೋ ವರನನ್ನು ಹೊತ್ತು ಬೇರೆಲ್ಲಿಗೋ ಹೋಗಿತ್ತು. ವೇಷ ಕಟ್ಟಿದ ಬಾಲಕ ಟ್ರ್ಯಾಕ್ಟರಿನ ಮೇಲೆ ಮೆರೆದ. ಆ ರಾತ್ರಿಯೇ ಸಭೆ ಸೇರಿ ಊರಿಗೊಂದು ಸ್ವಂತ ಕುದುರೆ ಕೊಳ್ಳಬೇಕೆಂದು ನಿರ್ಧಾರವಾಯಿತು. ಮನೆಗೆ ಇಷ್ಟೆಂದು ಪಟ್ಟಿ ಹಾಕಿದೆವು. ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುವವರು ಕೊಟ್ಟರು. ಎರಡು ಮನೆಯ ತಾಯಂದಿರು ಹಾಲು ಮಾರಿ ಕೂಡಿಸಿದ ಹಣ ತಂದುಕೊಟ್ಟುದು ನಮ್ಮ ಪುಸ್ತಕದಲ್ಲಿ ಇಂದಿಗೂ ಬರೆದಿದೆ.

ಕುದುರೆ ಮಾರುವ ದೊಡ್ಡ ಜಾತ್ರೆಗಳು ನಮ್ಮ ಸೀಮೆಯಲ್ಲಿಲ್ಲ. ನಮ್ಮ ಸಂತೆಗಳಿಗೆ ಬರುವುದು ಎತ್ತು, ಎಮ್ಮೆ, ಆಡು, ಕುರಿ. ಕುದುರೆ ಬೇಕೆಂದರೆ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗಬೇಕು. ನಂದುರ್ಬಾರ ಜಿಲ್ಲೆಯ ಸಾರಂಗಖೇಡದಲ್ಲಿ ದತ್ತ ಜಯಂತಿಗೆ, ನಾಂದೇಡ ಜಿಲ್ಲೆಯ ಮಾಳೇಗಾವಿನಲ್ಲಿ ಖಂಡೋಬನ ಜಾತ್ರೆಗೆ ಕುದುರೆಗಳ ಸಂತೆ ನೆರೆಯುತ್ತದೆ. ಇನ್ನೂ ದೂರ ಹೋಗುವ ಹುರುಪಿದ್ದವರಿಗೆ ರಾಜಸ್ಥಾನದ ಪುಷ್ಕರ. ಇಂಥ ಸಂತೆಗಳಲ್ಲಿ ಕಿವಿಯ ತುದಿಗಳು ಒಳಬಾಗಿ ಒಂದನ್ನೊಂದು ಮುಟ್ಟುವ ಮಾರವಾಡಿ ಮತ್ತು ಕಾಠಿಯಾವಾಡಿ, ಕಚ್ಛದ ಸಿಂಧಿ, ಗುಲಾಬಿ ಚರ್ಮದ ಅಚ್ಚಬಿಳಿಯ ನುಕ್ರಾ, ಎಲ್ಲ ತಳಿಗಳೂ ಇರುತ್ತವೆ. ಓಟದ ಮೈದಾನದಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಗಳೂ ಕೆಲವೊಮ್ಮೆ ಅಗ್ಗದ ಬೆಲೆಗೆ ಮಾರಾಟಕ್ಕಿರುತ್ತವೆ. ಬೆಲೆ ಕೇಳಿ ಆಸೆಪಡಬೇಡಿರಿ. ಓಡುವುದನ್ನೇ ಕಲಿತ ಬಿಸಿರಕ್ತದ ಆ ಪ್ರಾಣಿ ಮಕ್ಕಳಿರುವ ಮನೆಗೆ ತಕ್ಕುದಲ್ಲ.

2015ರ ಡಿಸೆಂಬರಿನಲ್ಲಿ ನಾವು ನಾಲ್ವರು ಗಡಿಯಾಚೆಯ ಒಂದು ಸಂತೆಗೆ ಹೋದೆವು. ಎತ್ತಿನ ವ್ಯಾಪಾರ ಬಲ್ಲವರೇ ಎಲ್ಲರೂ. ಎತ್ತು ಕಂಡವನಿಗೆ ಕುದುರೆಯೇನು ಮಹಾ ಎಂಬ ಹಮ್ಮು ಒಳಗೆ ಇದ್ದಿತು. ಬಿಳಿಯ ಗಂಡು ಕುದುರೆಯೊಂದು ಕಣ್ಣಿಗೆ ಬಿತ್ತು. ಹಣೆಗೆ ಗೊಂಡೆ, ಕೊರಳಿಗೆ ಕವಡೆಯ ಸರ, ಕಾಲಿಗೆ ಗೆಜ್ಜೆ. ಬಾಜಾ ಹೊಡೆದರೆ ಮುಂಗಾಲೆತ್ತಿ ಕುಣಿಯಿತು. ದಲ್ಲಾಳಿ ನಮ್ಮ ಕೈಯ ಮೇಲೆ ರುಮಾಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು, ಮುಖದಲ್ಲಿ ಏನೂ ತೋರಗೊಡದೆ ಬೆಲೆ ಆಡಿಸಿದ. ಬೆರಳು ಬಿಡಿಸಿಕೊಂಡಾಗ 1,20,000 ರೂಪಾಯಿಗೆ ಕುದುರೆ ನಮ್ಮದಾಗಿತ್ತು. ವಯಸ್ಸು ಕೇಳಿದುದಕ್ಕೆ ಐದು ಎಂದ. ಬಾಯಿ ತೆರೆಸಿ ನೋಡಿದೆವು, ಹಲ್ಲೆಲ್ಲ ಇದ್ದವು. ಎತ್ತಿನ ಹಲ್ಲು ಎಣಿಸುವ ಕಣ್ಣಿಗೆ ಅಷ್ಟೇ ಸಾಕಾಯಿತು. ನಮ್ಮ ಜೊತೆಯಲ್ಲಿದ್ದವರೊಬ್ಬರು ಮೈಯ ಮೇಲಿನ ಸುಳಿಗಳನ್ನು ಮಾತ್ರ ಅರ್ಧ ಗಂಟೆ ಪರೀಕ್ಷಿಸಿ, ದೋಷವಿಲ್ಲವೆಂದು ತೀರ್ಪಿತ್ತರು.

ಕುದುರೆಯ ಹಲ್ಲಿನ ಲೆಕ್ಕ ಬೇರೆಯೇ ಇದೆ ಎಂಬುದನ್ನು ನಾವು ಕಲಿತದ್ದು ತಡವಾಗಿ. ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲುಗಳು ಬಿದ್ದು ಶಾಶ್ವತ ಹಲ್ಲುಗಳು ಬರುತ್ತವೆ. ಮೂರೂವರೆಗೆ ಅವುಗಳ ಪಕ್ಕದವು, ನಾಲ್ಕೂವರೆಗೆ ಮೂಲೆಯವು. ಐದಕ್ಕೆ ಬಾಯಿ ತುಂಬಿತು. ಅಲ್ಲಿಂದ ಮುಂದೆ ಹಲ್ಲನ್ನು ಎಣಿಸಿ ಪ್ರಯೋಜನವಿಲ್ಲ, ಅದರ ಸವೆತವನ್ನು ಓದಬೇಕು. ಎಳೆಯ ಹಲ್ಲಿನ ಮೇಲ್ಮೈಯಲ್ಲಿ ಕಪ್ಪು ಕುಳಿಯಿರುತ್ತದೆ, ವರ್ಷಗಳು ಕಳೆದಂತೆ ಅದು ಸವೆದು ಮಾಯವಾಗುತ್ತದೆ. ಹತ್ತರ ಸುಮಾರಿಗೆ ಮೇಲ್ದವಡೆಯ ಮೂಲೆಹಲ್ಲಿನಲ್ಲಿ, ಒಸಡಿನ ಅಂಚಿನಿಂದ ಒಂದು ಕಂದು ಗೆರೆ ಇಳಿಯತೊಡಗುತ್ತದೆ. ಹದಿನೈದಕ್ಕೆ ಅದು ಹಲ್ಲಿನ ಅರ್ಧಕ್ಕೆ ಬರುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಮುದಿ ಕುದುರೆಯ ಸವೆದ ಹಲ್ಲನ್ನು ಕೊರೆದು, ಸುಟ್ಟು, ಎಳೆಯ ಹಲ್ಲಿನಂತೆ ಕಪ್ಪು ಕುಳಿ ಮಾಡುವ ಮೋಸ ಕುದುರೆ ಸಂತೆಗಳಲ್ಲಿ ಹಳೆಯದು. ಆದರೆ ಆ ಗೆರೆಯನ್ನು ಅಳಿಸುವುದು ಸುಲಭವಲ್ಲ. ನಮ್ಮ ಐದು ವರ್ಷದ ಕುದುರೆಯ ಮೂಲೆಹಲ್ಲಿನಲ್ಲಿ ಆ ಗೆರೆ ಅರ್ಧ ದಾಟಿತ್ತು.

ಲಾರಿಯಿಂದ ಕುದುರೆ ಇಳಿದ ದಿನ ಊರಿಗೆ ಊರೇ ನೆರೆಯಿತು. ಆರತಿಯಾಯಿತು. ಪ್ರತಿ ಮನೆಯವರೂ ಏನಾದರೊಂದು ತಿನ್ನಿಸಬೇಕು. ಬೆಲ್ಲ, ಚಪಾತಿ, ಅನ್ನ, ಹೋಳಿಗೆ. ನಾಲ್ಕನೆಯ ದಿನ ಕುದುರೆ ನೆಲಕ್ಕೆ ಬಿದ್ದು ಹೊರಳಾಡಿತು. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಚಿಕ್ಕದು, ತಿಂದದ್ದನ್ನು ಅದು ವಾಂತಿ ಮಾಡಲಾರದು. ದನಕ್ಕೆ ಪ್ರೀತಿಯಿಂದ ಕೊಟ್ಟದ್ದು ದಕ್ಕೀತು, ಕುದುರೆಗೆ ಅದೇ ಪ್ರೀತಿ ಶೂಲೆಯಾಗುತ್ತದೆ. ಅದಕ್ಕೆ ಬೇಕಾದುದು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಹುಲ್ಲು, ನೆನೆಸಿದ ಹುರುಳಿ ಅಥವಾ ಕಡಲೆ ಮಿತವಾಗಿ, ಕೈಯಳತೆಯ ಉಪ್ಪು, ಯಥೇಚ್ಛ ನೀರು. ಪಶುವೈದ್ಯರು ಬಂದು ಆ ಸಲ ಉಳಿಸಿಕೊಟ್ಟರು. ಹಲ್ಲಿನ ವಿಷಯ ಹೇಳಿದವರೂ ಅವರೇ. ನಾವು ಅದನ್ನು ಸಮಿತಿಯವರಿಗೆ ಹೇಳಿದೆವು, ಊರಿಗೆ ಹೇಳಲಿಲ್ಲ.

2016ರ ಬಸವ ಜಯಂತಿಯ ಮೆರವಣಿಗೆ ನಮ್ಮೂರು ಹಿಂದೆಂದೂ ಕಾಣದ್ದು. ನೆರೆಯೂರಿನವರು ನೋಡಲು ಬಂದರು. ಕುದುರೆಯ ಮೇಲೆ ಕುಳಿತ ಬಾಲಕ ಅಂದಿನಿಂದ ಲಾಯ ಬಿಟ್ಟು ಕದಲಲಿಲ್ಲ. ಶಾಲೆಯಿಂದ ಬಂದವನು ಮೊದಲು ಅಲ್ಲಿಗೆ, ಆಮೇಲೆ ಮನೆಗೆ.

ಆಮೇಲೆ ಮಳೆ ಹಿಡಿಯಿತು. ಹಳಿಯಾಳ, ಮುಂಡಗೋಡಗಳು ಅರೆಮಲೆನಾಡು, ಜೋಯಿಡಾ ಪೂರ್ಣ ಮಲೆನಾಡು. ನಮ್ಮ ಊರು ಕಾಡಿನಂಚಿನದು, ಆಷಾಢ ಶ್ರಾವಣಗಳಲ್ಲಿ ಅಂಗಳ ಒಣಗುವುದೇ ಇಲ್ಲ. ಒಣನಾಡಿನ ಮರಳಿನಲ್ಲಿ ಗಟ್ಟಿಯಾದ ಗೊರಸು ಕೆಸರಿನಲ್ಲಿ ಮೆತ್ತಗಾಗಿ, ನಡುವಿನ ಸೀಳು ಕೊಳೆತು ನಾರತೊಡಗಿತು. ಅದನ್ನು ತೊಳೆದು ಒರೆಸಿ ಮದ್ದು ಹಾಕುತ್ತಿದ್ದೆವು. ಕಣ್ಣಿಗೆ ಕಾಣದ ಇನ್ನೊಂದು ರೋಗ ಆಗಲೇ ಒಳಹೊಕ್ಕಿತ್ತು. ಮಳೆಗಾಲದಲ್ಲಿಯೂ ಅದರ ಬೆನ್ನಿಗೂ ದನಗಳನ್ನು ಕಚ್ಚಿ ರಕ್ತ ಹೀರುವ ದೊಡ್ಡ ತೊಣಚಿಗಳನ್ನು ನಮ್ಮ ಒಕ್ಕಲಿಗರೆಲ್ಲ ಬಲ್ಲರು. ಅವು ಒಂದು ಪ್ರಾಣಿಯ ರಕ್ತದಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ಸೂಕ್ಷ್ಮಜೀವಿಯಿಂದ ಸರ್ರಾ ಎಂಬ ರೋಗ ಬರುತ್ತದೆ. ದನ ಎಮ್ಮೆಗಳು ಆ ಜೀವಿಯನ್ನು ಒಳಗಿಟ್ಟುಕೊಂಡೂ ಹಲವು ಸಲ ಏನೂ ಆಗದಂತೆ ಇರುತ್ತವೆ. ಕುದುರೆಗೆ ಅದು ಮಾರಕ. ಜ್ವರ ಬರುತ್ತದೆ, ತಾನಾಗಿ ಇಳಿಯುತ್ತದೆ, ಮತ್ತೆ ಬರುತ್ತದೆ. ಮೇಯುತ್ತಿದ್ದರೂ ಮೈ ಇಳಿಯುತ್ತದೆ. ಹೊಟ್ಟೆಯ ಕೆಳಗೆ, ಕಾಲುಗಳಲ್ಲಿ ನೀರು ತುಂಬಿ ಬಾವು ಬರುತ್ತದೆ.

ಜ್ವರ ಇಳಿದಾಗಲೆಲ್ಲ ವಾಸಿಯಾಯಿತೆಂದುಕೊಂಡು ನಾವು ಮೂರು ವಾರ ಕಳೆದೆವು. ಆ ಮೂರು ವಾರವೇ ಅದರ ಜೀವ. ರಕ್ತದ ಲೇಪವನ್ನು ಗಾಜಿನ ಮೇಲೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ರೋಗ ತಿಳಿಯುತ್ತಿತ್ತು, ತಕ್ಕ ಚುಚ್ಚುಮದ್ದು ಇದೆ. ನಾವು ಅದಕ್ಕೆ ಕರೆಕಳುಹಿಸಿದ್ದು ಕುದುರೆ ಹಿಂಗಾಲೆಳೆಯತೊಡಗಿದ ಮೇಲೆ. ಸೆಪ್ಟೆಂಬರಿನ ಒಂದು ಬೆಳಗಿನ ಜಾವ ಅದು ಸತ್ತಿತು. ಆಳವಾಗಿ ಗುಂಡಿ ತೋಡಿ, ಉಪ್ಪು ಸುಣ್ಣ ಹಾಕಿ ಹೂಳಿದೆವು. ತಾಯಂದಿರು ದೀಪವಿಟ್ಟರು. ಬಾಲಕ ಎರಡು ದಿನ ಊಟ ಮಾಡಲಿಲ್ಲ.

ಮುಂದಿನ ಸಭೆಯಲ್ಲಿ ಒಬ್ಬರು, ಕುತ್ತಿಗೆಯ ಬಲಗಡೆಯ ಸುಳಿ ಸರಿಯಿರಲಿಲ್ಲ, ಆಗಲೇ ಹೇಳಬೇಕೆಂದಿದ್ದೆ ಎಂದರು. ತಲೆಗಳು ಆಡಿದವು. ಆಗ ನಮಗೆ ತಡೆಯಲಾಗಲಿಲ್ಲ. ನಿಮಿತ್ತ, ಶಕುನ, ಸುಳಿಗಳನ್ನು ಕಿತ್ತೆಸೆದವರ ಹೆಸರಿನ ಮೆರವಣಿಗೆಗೆ ತಂದ ಕುದುರೆಯ ಸಾವನ್ನು ಸುಳಿಯ ತಲೆಗೆ ಕಟ್ಟುವುದೇ? ಹಲ್ಲು ನೋಡಲು ಬಾರದೆ ಕೊಂಡವರು ನಾವು, ವಯಸ್ಸಿನ ಸತ್ಯ ಗೊತ್ತಾದ ಮೇಲೂ ಊರಿಗೆ ಮುಚ್ಚಿಟ್ಟವರು ನಾವು, ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸದವರು ನಾವು ಎಂದು ಪುಸ್ತಕ ತೆರೆದು ಲೆಕ್ಕ ಓದಿದೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಹಾಲು ಮಾರಿ ಹಣ ಕೊಟ್ಟ ತಾಯಿಯೊಬ್ಬರು, "ಹೋಗಲಿ ಬಿಡ್ರೀ, ಅದರ ಋಣ ಅಷ್ಟ ಇತ್ತು" ಎಂದರು. ಆ ಮಾತು ಸಮಾಧಾನ ಕೊಡುವುದಕ್ಕಿಂತ ಹೆಚ್ಚಾಗಿ ಚುಚ್ಚಿತು.

ಈ ನೆಲದಲ್ಲಿ ಹೊರಗಿನ ಕುದುರೆ ಕೊಂಡು ಕಳೆದುಕೊಂಡವರಲ್ಲಿ ನಾವೇ ಮೊದಲಿಗರಲ್ಲವೆಂಬುದು ಆಮೇಲೆ ಪುಸ್ತಕಗಳನ್ನು ತಿರುವಿದಾಗ ತಿಳಿಯಿತು. ಕನ್ನಡ ನಾಡಿನ ಅರಸರು ಶತಮಾನಗಳ ಕಾಲ ಮಾಡಿದುದು ಇದನ್ನೇ. ರಷ್ಯಾದ ವರ್ತಕ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಒಂದೇ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ತಂದಿಳಿಸಿದ. ಜುನ್ನರಿನ ಅಧಿಕಾರಿ ಅದನ್ನು ಕಿತ್ತುಕೊಂಡ, ಹೇಗೋ ಮರಳಿ ಪಡೆದು ಕೊನೆಗೆ ಬೀದರಿನಲ್ಲಿ ಮಾರಿದ. ನಮ್ಮ ಕಲಬುರಗಿ ಸೀಮೆಯ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನೆರೆಯುವ ಸಂತೆಗೆ 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಅವನು ಬರೆದಿಟ್ಟಿದ್ದಾನೆ. ಕಲ್ಯಾಣದಿಂದ ಆಳಂದ ಎಷ್ಟು ದೂರವೆಂಬುದನ್ನು ಆ ಭಾಗದ ಓದುಗರೇ ಬಲ್ಲರು!

ವಿಜಯನಗರದ ಕಾಲಕ್ಕೆ ಭಟ್ಕಳ, ಹೊನ್ನಾವರ, ಗೋವೆಗಳು ಅರಬ್ಬೀ ಕುದುರೆಗಳು ಇಳಿಯುವ ಬಂದರುಗಳಾದವು. ಅಲ್ಲಿಂದ ಬಯಲಿಗೆ ಬರಬೇಕಾದರೆ ಘಟ್ಟ ಹತ್ತದೆ ಗತ್ಯಂತರವಿರಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಈ ವ್ಯಾಪಾರದ ಬೀಗದ ಕೈ ಅವರ ಸೊಂಟಕ್ಕೆ ಸೇರಿತು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವೊ ನೂನಿಜ್, ಸುಮಾರು 1535ರಲ್ಲಿ ವಿಜಯನಗರದಲ್ಲಿದ್ದವನು, ಅಲ್ಲಿಯ ಅರಸನು ವರ್ಷವೊಂದಕ್ಕೆ ಹೊರಮುಜಿನ ಮತ್ತು ನಾಡತಳಿಯ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹೇಳುತ್ತಾನೆ. ಅದಕ್ಕೂ ಹಿಂದಿನ ಸಾಳುವ ನರಸಿಂಹನ ವಿಷಯವಾಗಿ ಅವನು ಹೇಳುವ ಸಂಗತಿ ಇನ್ನೂ ವಿಚಿತ್ರ: ಸಮುದ್ರದಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೂ ಅರಸ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಪ್ರತಿವರ್ಷ ಅಷ್ಟು ಸಾವಿರ ಕುದುರೆಗಳನ್ನು ಹೊಸದಾಗಿ ಕೊಳ್ಳಬೇಕಾಗಿತ್ತೆಂದರೆ ಹಿಂದಿನ ವರ್ಷ ಕೊಂಡವುಗಳಲ್ಲಿ ಎಷ್ಟು ಉಳಿದಿದ್ದವೆಂದು ಊಹಿಸಬಹುದು. ಯುದ್ಧದಲ್ಲಿ ಮಡಿದವು ಒಂದಿಷ್ಟು. ಮಳೆಗೆ, ನೊಣಕ್ಕೆ, ಒಗ್ಗದ ಮೇವಿಗೆ ಮಡಿದವೂ ಕಡಿಮೆಯಿರಲಾರವು.

ತಿಳಿವಳಿಕೆ ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಕುದುರೆಯ ಲಕ್ಷಣಗಳನ್ನೂ ಕುದುರೆಯೇರಿ ಆಡುವ ಚೆಂಡಾಟವನ್ನೂ ವರ್ಣಿಸುತ್ತದೆ. ನಮ್ಮವರೇ ಆದ ಕೆಳದಿಯ ಬಸವಪ್ಪ ನಾಯಕರು 1709ರಲ್ಲಿ ರಚಿಸಿದ ಶಿವತತ್ತ್ವ ರತ್ನಾಕರದಲ್ಲಿಯೂ ಅಶ್ವಶಾಸ್ತ್ರಕ್ಕೆ ಸ್ಥಾನವಿದೆ. ಆದರೆ ಗ್ರಂಥದ ಕುದುರೆ ಬೇರೆ, ಮಳೆಯಲ್ಲಿ ನಿಂತ ಕುದುರೆ ಬೇರೆ. ಘಟ್ಟದ ಮೇಲೆ ಕೆಳಗೆ ಉಪ್ಪು, ಅಕ್ಕಿ ಸಾಗಿಸಿದ್ದು ಕುದುರೆಯಲ್ಲ, ಹೇರೆತ್ತು. 19ನೆಯ ಶತಮಾನದ ಕೊನೆಗೆ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕಿನ ಮೇಲೆ ರೈಲು ಹಾದುಹೋಗುವ ತನಕವೂ ಇಲ್ಲಿಯ ವ್ಯಾಪಾರ ಬಹುಮಟ್ಟಿಗೆ ಎತ್ತುಗಳನ್ನೇ ನಂಬಿ ನಡೆಯಿತು.

ಇನ್ನು ಕಂದು ಕುದುರೆಯ ವಿಷಯ. ಭತ್ತದ ಕೊಯಿಲು ಮುಗಿದ ಮೇಲೆ ಬೆಳಗಾವಿ ಸೀಮೆಯ ಹಾಲುಮತದ ಕುರಿಗಾರರು ಮಂದೆಗಳೊಡನೆ ಹಳಿಯಾಳ, ಮುಂಡಗೋಡಗಳ ಗದ್ದೆಬಯಲಿಗೆ ಬರುವುದು ಹಳೆಯ ವಾಡಿಕೆ. ರಾತ್ರಿ ಹೊಲದಲ್ಲಿ ಕುರಿ ತುಬ್ಬಿ ಗೊಬ್ಬರ ಕೊಡುತ್ತಾರೆ, ಪ್ರತಿಯಾಗಿ ಕಾಳೋ ಹಣವೋ ಪಡೆಯುತ್ತಾರೆ. ಅವರ ಇಡೀ ಸಂಸಾರ ಸಾಗುವುದು ಗಿಡ್ಡ ತಟ್ಟುಗಳ ಮೇಲೆ: ಗುಡಾರ, ಗಡಿಗೆ, ಹಿಟ್ಟು, ಕೋಳಿ, ಅಂದು ಹುಟ್ಟಿದ ಕುರಿಮರಿ, ಕೂಸು. 2017ರ ಜನವರಿಯಲ್ಲಿ ಅಂಥ ಒಂದು ಮಂದೆ ನಮ್ಮ ಹೊಲದಲ್ಲಿ ತುಬ್ಬಿತ್ತು. ಹಿರಿಯ ಕುರಿಗಾರರ ಬಳಿ ನಾಲ್ಕು ತಟ್ಟುಗಳಿದ್ದವು. ತಲೆತಲಾಂತರದಿಂದ ನೋಡುತ್ತಿದ್ದ ಆ ಪ್ರಾಣಿಗಳನ್ನು ನಾವು ಕುದುರೆಯೆಂದು ಎಣಿಸಿರಲೇ ಇಲ್ಲ ಎಂಬುದು ಆಗ ಹೊಳೆಯಿತು. ಮಳೆಗಾಲ ಬರುವ ಮೊದಲೇ ಅವು ಒಣನಾಡಿಗೆ ತಿರುಗುತ್ತವೆ, ಅದು ನಿಜ. ಆದರೆ ಬೇಸಿಗೆ, ಚಳಿ, ಕಲ್ಲುದಾರಿ, ಒಣ ಹುಲ್ಲು, ಅಕಾಲದ ಮಳೆ ಯಾವುದಕ್ಕೂ ಅಂಜದವು.

ಕೊಡುವಿರಾ ಎಂದು ಕೇಳಿದೆವು. ಇಲ್ಲವೆಂದರು. "ಮನೀ ಹೊರೂದನ್ನ ಮಾರತಾರೇನ್ರೀ?" ಮೂರು ಸಂಜೆ ಹೋಗಿ ಅವರ ಬೆಂಕಿಯ ಪಕ್ಕದಲ್ಲಿ ಕುಳಿತೆವು. ಬಿಳಿಯ ಕುದುರೆ ಸತ್ತ ಕಥೆಯನ್ನು ಹೇಳಿದೆವು. ನಾಲ್ಕನೆಯ ಸಂಜೆ ಅವರು ಒಂದು ಗಂಡು ತಟ್ಟಿನ ಹಗ್ಗ ಹಿಡಿದು ತಂದು ನಿಲ್ಲಿಸಿ, ನಾವು ಕೇಳುವ ಮೊದಲೇ ದೋಷ ಹೇಳತೊಡಗಿದರು. ಇದಕ್ಕೆ ಸೇತುವೆ ಅಂದರೆ ಅಂಜಿಕೆ, ಕೆಳಗೆ ನೀರು ಹರಿಯುವ ಸಪ್ಪಳ ಕೇಳಿದರೆ ನಿಲ್ಲುತ್ತದೆ. ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಹಿಂದಿನ ಎಡಗಾಲು ತುಸು ಹೊರಗೆ ಹಾಕುತ್ತದೆ. ನಡೆಯಲು ಅಡ್ಡಿಯಿಲ್ಲ, ಓಡಿಸಿದರೆ ಸೋಲುತ್ತದೆ. ಬಾಯಿ ತೆರೆದು ತಾವೇ ತೋರಿಸಿದರು: ಮೂಲೆಯ ಹಾಲುಹಲ್ಲುಗಳು ಇನ್ನೂ ಬಿದ್ದಿರಲಿಲ್ಲ, ನಾಲ್ಕು ವರ್ಷ. ಬೆಲೆ 18,000. ರುಮಾಲೂ ಇಲ್ಲ, ದಲ್ಲಾಳಿಯೂ ಇಲ್ಲ. ಮೂರು ಮಾತು ಮಾತ್ರ ಕೇಳಿದರು: ಗಿಡ್ಡ ಹಗ್ಗದಲ್ಲಿ ಕಟ್ಟಬಾರದು, ಅನ್ನ ಹಾಕಬಾರದು, ಬೇಡವಾದರೆ ಬೇರೆಯವರಿಗೆ ಮಾರದೆ ತಮಗೇ ಮರಳಿಸಬೇಕು.

ವ್ಯಾಪಾರವನ್ನು ನಾವು ಜೀವಮಾನವಿಡೀ ನೋಡಿದ್ದೇವೆ. ಮಾರುವವನು ಮೊದಲು ದೋಷ ಹೇಳಿದುದನ್ನು ಕಂಡದ್ದು ಅದೊಂದೇ ಸಲ.

ಊರಿಗೆ ತಂದಾಗ ಆರತಿಯಾಗಲಿಲ್ಲ. "ಬಸವಣ್ಣನವರನ್ನ ಇದರ ಮ್ಯಾಲ ಕೂಡ್ರಸ್ತೀರೇನು?" ಎಂದು ತರುಣರು ನಕ್ಕರು. ಹನ್ನೆರಡು ಗೇಣಿನ ಮಾತಿರಲಿ, ನಿಂತವರ ಎದೆಮಟ್ಟಕ್ಕೆ ಬರುವ ಪ್ರಾಣಿ. ಸಭೆಯಲ್ಲಿ ವಾದ ಬೆಳೆಯಿತು. ಕಡೆಗೆ ಹಿರಿಯರೊಬ್ಬರು ಎದ್ದು ಅಲ್ಲಮಪ್ರಭುದೇವರ ಕುದುರೆಯ ವಚನವನ್ನು ಹೇಳಿ ಕುಳಿತರು. ಅದನ್ನು ಬಲ್ಲವರು ಬಲ್ಲರು. ಮೇಲೆ ಮಾತಾಡುವುದು ಏನೂ ಉಳಿಯಲಿಲ್ಲ. 2017ರ ಜಯಂತಿಯಲ್ಲಿ ಡೊಳ್ಳು, ಕರಡಿಮಜಲು, ಪಟಾಕಿಗಳ ನಡುವೆ ಅದು ಕಿವಿಯನ್ನೂ ಅಲುಗಿಸದೆ ನಡೆಯಿತು. ಹಿಂದಿನ ವರ್ಷದ ಬಾಲಕ ಮೊದಲು ಹತ್ತಿರ ಬರಲಿಲ್ಲ. ಮೆರವಣಿಗೆ ಮುಗಿದ ಮೇಲೆ ನೀರಿನ ಬಕೆಟ್ ತಂದಿಟ್ಟವನು ಅವನೇ.

ಈ ಸಲ ನಾವು ಕೆಲವು ಕೆಲಸಗಳನ್ನು ಮೊದಲೇ ಮಾಡಿದೆವು, ಕುದುರೆ ಕೊಳ್ಳಬೇಕೆಂದಿರುವ ಬಂಧುಗಳ ಉಪಯೋಗಕ್ಕಾಗಿ ಬರೆಯುತ್ತೇವೆ. ಹಣ ಕೊಡುವ ಮುನ್ನ ಪಶುವೈದ್ಯರನ್ನು ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದೆವು. ಸರ್ರಾಕ್ಕೆ ಮಾತ್ರವಲ್ಲ, ಗ್ಲ್ಯಾಂಡರ್ಸ್ ಎಂಬ ಇನ್ನೊಂದು ರೋಗಕ್ಕೂ. ಮೂಗಿನಿಂದ ಕೀವು, ಚರ್ಮದ ಮೇಲೆ ಗಂಟುಹುಣ್ಣು ಬರುವ ಈ ರೋಗ ಕುದುರೆಯಿಂದ ಮನುಷ್ಯರಿಗೂ ಅಂಟಬಲ್ಲದು. ಅದು ಖಚಿತವಾದರೆ ಕಾನೂನಿನಂತೆ ಪ್ರಾಣಿಯನ್ನು ಕೊಲ್ಲಲೇಬೇಕು. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದಲ್ಲಿ ಇದರ ಅಂತಿಮ ಪರೀಕ್ಷೆಯಾಗುತ್ತದೆ. ಪರೀಕ್ಷೆಯ ಕಾಗದವಿಲ್ಲದ ಕುದುರೆಯನ್ನು, ಅದು ಯಾವ ತಳಿಯದೇ ಆಗಲಿ, ಮಕ್ಕಳಿರುವ ಅಂಗಳಕ್ಕೆ ತರಬೇಡಿರಿ. ಧನುರ್ವಾಯು ಕುದುರೆಯನ್ನು ಬಹುಬೇಗ ಹಿಡಿಯುವ ರೋಗ, ಅದರ ಲಸಿಕೆಯನ್ನು ತಪ್ಪಿಸಬೇಡಿರಿ. ಕೊಳ್ಳುವಾಗ ಗೆಜ್ಜೆ ಗೊಂಡೆಗಳನ್ನೆಲ್ಲ ಬಿಚ್ಚಿಸಿ, ಬಾಜಾ ನಿಲ್ಲಿಸಿ, ಗಟ್ಟಿನೆಲದ ಮೇಲೆ ನಡೆಸಿ ಸಪ್ಪಳ ಕೇಳಿರಿ, ನಾಲ್ಕೂ ಕಾಲೂರಿದ ಸಪ್ಪಳ ಸಮನಾಗಿರಬೇಕು. ನಾಲ್ಕೂ ಗೊರಸುಗಳನ್ನು ಎತ್ತಿಸಿ ಮೂಸಿ ನೋಡಿರಿ. ಅಚ್ಚಬಿಳಿಯ ಕುದುರೆಯ ಗುಲಾಬಿ ಚರ್ಮ ನಮ್ಮ ಬಿಸಿಲಿಗೆ ಸುಡುತ್ತದೆ. ಮಳೆಗಾಲಕ್ಕೆ ಎತ್ತರದ ಕಲ್ಲುಹಾಸಿನ ಲಾಯ ಬೇಕು, ಸಂಜೆ ನೊಣಕ್ಕೆ ಹೊಗೆ ಬೇಕು. ಜೋಯಿಡಾದ ಒಳಕಾಡಿನಲ್ಲಿ ವರ್ಷವಿಡೀ ಕುದುರೆ ಸಾಕುವ ಆಲೋಚನೆಯನ್ನು ನಾವಂತೂ ಯಾರಿಗೂ ಹೇಳಿಕೊಡುವುದಿಲ್ಲ. ನಮ್ಮ ತಟ್ಟಿಗೂ 2019ರ ಮಳೆಗಾಲದಲ್ಲಿ ಜ್ವರ ಬಂದಿತ್ತು. ಅಂದೇ ರಕ್ತ ಪರೀಕ್ಷೆಯಾಯಿತು, ಉಳಿಯಿತು.

ತಳಿ ಯಾವುದೆಂಬ ಪ್ರಶ್ನೆಗೆ ಬಹಳ ದಿನ ನಮ್ಮಲ್ಲಿ ಉತ್ತರವಿರಲಿಲ್ಲ, ಕುರಿಗಾರರ ತಟ್ಟು ಎನ್ನುತ್ತಿದ್ದೆವು. ಭೀಮಾ ತೀರದಲ್ಲಿ ಬೆಳೆದು ಒಂದು ಕಾಲಕ್ಕೆ ಮರಾಠರ ದಂಡನ್ನು ಹೊತ್ತ ಗಿಡ್ಡ ಕುದುರೆಗಳ ವಂಶ ಉಳಿದುಬಂದಿರುವುದು ಕುರಿಗಾರರ ಬಳಿಯಲ್ಲಿಯೇ. ಕರ್ನಾಲದ ರಾಷ್ಟ್ರೀಯ ಸಂಸ್ಥೆಯು ಈಚಿನ ವರ್ಷಗಳಲ್ಲಿ ಅದನ್ನು ಭೀಮಥಡಿ ಎಂಬ ಹೆಸರಿನಿಂದ ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ನಮ್ಮದರಲ್ಲಿ ಆ ರಕ್ತ ಎಷ್ಟಿದೆಯೋ ಶಿವನೇ ಬಲ್ಲ. ಕೇಳಿದವರಿಗೆ ಈಗ ಭೀಮಥಡಿ ಎನ್ನುತ್ತೇವೆ, ನಕ್ಕ ತರುಣರೇ ಎಲ್ಲರಿಗಿಂತ ಮೊದಲು ಹಾಗೆನ್ನುತ್ತಾರೆ.

2025ರ ಭಾರತ ಹುಣ್ಣಿಮೆಗೆ ಉಳವಿಯಲ್ಲಿ ದರ್ಶನ ಮುಗಿಸಿ, ಮಹಾಮನೆ ಗವಿಗೆ ಹೋಗಿ ಬಂದು, ಚಕ್ಕಡಿಯ ನೆರಳಿನಲ್ಲಿ ಕುಳಿತಿದ್ದೆವು. ಸ್ಥಿತಿವಂತರೊಬ್ಬರು ಬಂದು ಕುದುರೆಯ ಸುತ್ತ ಎರಡು ಸಲ ತಿರುಗಿ, ಹೆಗಲ ಮೇಲಿನ ರುಮಾಲು ತೆಗೆದು ನಮ್ಮ ಕೈಯ ಮೇಲೆ ಹಾಸಿದರು. ಬೆರಳು ಹಿಡಿದರು. ದೊಡ್ಡ ಬೆಲೆಯೇ. ನಾವು ಕೈ ಹಿಂದೆಗೆದು, ರುಮಾಲನ್ನು ಮಡಚಿ ಅವರಿಗೆ ಕೊಟ್ಟೆವು. ಇದನ್ನು ಮರಳಿಸಬೇಕಾದವರು ಬೇರೆ ಇದ್ದಾರೆಂದು ಹೇಳಿದೆವು. ಆ ಹಿರಿಯರು ಪ್ರತಿವರ್ಷ ಬಂದು ಅದರ ಗೊರಸು ಎತ್ತಿ ನೋಡಿ ಹೋಗುತ್ತಿದ್ದರು. ಆ ವರ್ಷ ಮಂದೆಯೊಡನೆ ಬಂದದ್ದು ಅವರ ಮಗ. ತಂದೆಯವರು ಏಕೆ ಬರಲಿಲ್ಲವೆಂದು ಕೇಳಬೇಕಾಗಿರಲಿಲ್ಲ, ತಲೆ ಬೋಳಿಸಿದ್ದ.

"ಆದರೂ ವಯಸ್ಸೆಷ್ಟು ಹೇಳ್ರಿ" ಎಂದರು ಆ ಗೃಹಸ್ಥರು. ಹಿಂದಿನ ಬಾಲಕ, ಈಗ ಮೀಸೆ ಮೂಡಿದ ತರುಣ, ಎದ್ದು ಕುದುರೆಯ ತುಟಿ ಸರಿಸಿ ತೋರಿಸಿದ. ಮೇಲಿನ ಮೂಲೆಹಲ್ಲಿನಲ್ಲಿ, ಒಸಡಿನ ಅಂಚಿನಲ್ಲಿ, ಕಂದು ಗೆರೆ ಇಳಿಯತೊಡಗಿತ್ತು. "ಹನ್ನೆರಡು ನಡದಾವ್ರೀ" ಎಂದ, "ಸೇತುವೆ ಅಂದ್ರ ಅಂಜತೈತಿ. ಪಟ್ಟಿ ಬಿಗಿಯೂ ಮುಂದ ಕಚ್ಚತೈತಿ."